ಯಾರ ಬೀಜಕ್ಕೆ ಬಿದ್ದ ತಡೆ?

ಕುಲಾಂತರಿ ಬೆಳೆಗಳ ಪರ ನಿಂತ ವಿಜ್ಞಾನಿ ಡಾ. ಚನ್ನಪಟ್ಟಣ ಎಸ್. ಪ್ರಕಾಶ್ ಅವರ ಹೆಸರೆತ್ತಿದರೆ ಸಾಕು, ಕುಲಾಂತರಿ ವಿರೋಧಿಗಳ ಮೊದಲ ಆಕ್ಷೇಪ ಸಿದ್ಧ: ಅಮೆರಿಕದಲ್ಲಿ ಕೂತವರಿಗೆ ಕೊಣ್ಣೂರ ರೈತನ ಕಷ್ಟ ಏನು ಗೊತ್ತು? ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಆಸ್ಟ್ರೇಲಿಯಾದಲ್ಲಿ ಪಿಎಚ್.ಡಿ. ಮುಗಿಸಿ, 1989ರಲ್ಲಿ ಅಲಬಾಮದ ಟಸ್ಕೆಗೀ ವಿಶ್ವವಿದ್ಯಾಲಯ ಸೇರಿದವರು ಅವರು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಬಡ ರೈತರಿಗಾಗಿ ಶೇಂಗಾ, ಗೆಣಸಿನ ಮೇಲೆ ದುಡಿದ ಸಂಸ್ಥೆಯದು. ಪ್ರಕಾಶರ ತಂಡ ಹಿಡಿದದ್ದೂ ಗೆಣಸಿನಲ್ಲಿ ಪ್ರೋಟೀನ್ ಹೆಚ್ಚಿಸುವ ಕೆಲಸವನ್ನೇ. ಇನ್ನು ದೂರದ ಮಾತು. ಹುಳು ತಡೆಯುವ ಕುಲಾಂತರಿ ಗುಣ ಸೇರಿಸಿದ ಬಿಟಿ ಬದನೆಯ ವಿರುದ್ಧ ಇದೇ ಮಹನೀಯರು ತಲೆಯ ಮೇಲೆ ಹೊತ್ತು ತಿರುಗಿದ್ದು ಫ್ರಾನ್ಸಿನ ವಿಜ್ಞಾನಿ ಸೆರಾಲಿನಿಯ ವರದಿಯನ್ನು. ಆತ ಯಾವ ಹೊಲದಲ್ಲಿ ಬದನೆ ಹರಿದಿದ್ದನೋ!

ಎರಡನೆಯದು, ಇಂಥ ವಿಜ್ಞಾನಿಗಳೆಲ್ಲ ಕಂಪನಿಗಳ ವಕ್ತಾರರು ಎಂಬುದು. ಪ್ರಕಾಶ್ ಹೊರಡಿಸಿದ ಕುಲಾಂತರಿ ಬೆಂಬಲ ಹೇಳಿಕೆಗೆ ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್ ಸೇರಿ 3 ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿದ್ದಾರೆ. ಅಷ್ಟೂ ಜನ ಮಾರಾಟವಾದರೆಂದು ನಂಬುವವರು ನಂಬಲಿ. ಆದರೆ ಈ ಆರೋಪ ನಿಜಕ್ಕೂ ಮುಗ್ಗರಿಸುವುದು ನಮ್ಮ ಧಾರವಾಡದಲ್ಲಿ. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಬಿಟಿ ಗುಣವನ್ನು ಸೇರಿಸಿದ್ದು ಕುಡಚಿ ಲೋಕಲ್, ಮಾಲಾಪುರ ಲೋಕಲ್, ಮಂಜರಿ ಗೋಟಾದಂಥ ತಳಿಗಳಿಗೆ. ಹೈಬ್ರಿಡ್ ಅಲ್ಲ. ಹಣ್ಣಾದ ಕಾಯಿಯಿಂದ ಬೀಜ ತೆಗೆದು, ಬೂದಿ ಹಚ್ಚಿ ಇಟ್ಟು, ಮುಂದಿನ ವರ್ಷ ಸಸಿ ಹಾಕಬಹುದಾದವು. ಜೀನು ಬೀಜ ಕಂಪನಿ ಮಹಿಕೋದ್ದು, ನಿಜ. ರಾಯಧನವಿಲ್ಲದೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟದ್ದು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹೇರಿದಾಗ ಈ ಬೀಜವೂ ಅದರಡಿ ಬಿತ್ತು. ಕಂಪನಿಗಳಿಗೆ ಆದ ನಷ್ಟವೇನು? ಅವುಗಳ ಬಿಟಿ ಹತ್ತಿ ಹೈಬ್ರಿಡ್ ಪ್ಯಾಕೆಟ್ಟುಗಳು ಇಂದಿಗೂ ಗೋಕಾಕದ ಅಂಗಡಿಗಳಲ್ಲಿ ಸಿಗುತ್ತವೆ. ಕಂಪನಿ ವಿರೋಧದ ಹೆಸರಲ್ಲಿ ತಡೆದದ್ದು ವರ್ಷವೂ ಕೊಳ್ಳಬೇಕಿಲ್ಲದ ಬೀಜವನ್ನು.

ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಿದರು, ಇದು ಜೈವಿಕ ಕಳ್ಳತನ ಎಂಬ ದೂರೂ ಇದೆ. ಅನುಮತಿಯ ಪ್ರಶ್ನೆಯನ್ನು ಕೋರ್ಟು ನೋಡಿಕೊಳ್ಳಲಿ. ಕದ್ದ ಮಾಲನ್ನು ಮಾಲೀಕನಿಗೇ ಹಂಚಲು ಹೊರಟ ಕಳ್ಳನನ್ನು ಮಾತ್ರ ನಾನು ಇಲ್ಲಿಯೇ ಮೊದಲು ಕಂಡದ್ದು.

ಕುಲಾಂತರಿ ಹೊಟ್ಟೆಗೆ ಹೋಗಲೇಬಾರದು ಎನ್ನುವವರ ಎಮ್ಮೆ ಏನು ತಿನ್ನುತ್ತದೆ? ಹತ್ತಿಕಾಳು, ಹತ್ತಿಕಾಳಿನ ಹಿಂಡಿ. ದೇಶದ ಹತ್ತಿಯಲ್ಲಿ ಶೇ. 90ಕ್ಕೂ ಹೆಚ್ಚು ಬಿಟಿ. ಆ ಎಮ್ಮೆಯ ಹಾಲಿನ ಚಹಾ ಕುಡಿಯುತ್ತಲೇ ಬದನೆಗೆ ಬೇಡ ಎನ್ನುತ್ತಾರೆ. ಬೇಡವೆಂದ ಬದನೆಗೆ ಬದಲು ನಾವು ತಿನ್ನುವುದು ಯಾವುದನ್ನು? ಮೂಗಿಗೆ ಟವೆಲ್ ಸುತ್ತಿ, ಪಂಪು ಬೆನ್ನಿಗೇರಿಸಿ, ಇವತ್ತು ಎಣ್ಣೆ ಹೊಡೆದು ನಾಳೆ ಹರಿದು ಸಂತೆಗೆ ಕಳಿಸಿದ ಕಾಯಿಯನ್ನು. ಅಷ್ಟು ಹೊಡೆದೂ ಪ್ರಯೋಜನ ಕಡಿಮೆ. ಕಾಯಿಕೊರಕದ ಮರಿಹುಳು ತೊಟ್ಟಿನ ಬುಡದಲ್ಲಿ ಕೊರೆದು ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ತೂತು ಮುಚ್ಚಿಕೊಂಡ ಮೇಲೆ ಯಾವ ಎಣ್ಣೆಯೂ ಅದಕ್ಕೆ ತಾಗುವುದಿಲ್ಲ. ಬಾಂಗ್ಲಾದೇಶ 2014ರಲ್ಲಿ 20 ರೈತರಿಗೆ ಬಿಟಿ ಬದನೆ ಸಸಿ ಕೊಟ್ಟು ಶುರುಮಾಡಿತು. ಈಗ ಬೆಳೆಯುವವರು ಸಾವಿರಾರು. ಅಲ್ಲಿ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ (ಐಎಫ್‌ಪಿಆರ್‌ಐ) ನಡೆಸಿದ ಅಧ್ಯಯನದಲ್ಲಿ ಕೀಟನಾಶಕದ ಖರ್ಚು ಶೇ. 47ರಷ್ಟು ಇಳಿದಿತ್ತು.

ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯನ್ನು ಗೆದ್ದಿತಲ್ಲ, ಎನ್ನುತ್ತಾರೆ. ಗೆದ್ದಿತು, ಒಪ್ಪಿದೆ. ಹುಳು ಬಿಟಿಗೆ ಒಗ್ಗದಂತೆ ಸುತ್ತ ಸಾಲು ಬಿಟಿಯಲ್ಲದ ಹತ್ತಿ ಹಾಕಬೇಕೆಂಬ ನಿಯಮವನ್ನು ಬಹುಪಾಲು ಜನ ಪಾಲಿಸಲಿಲ್ಲ, ತಿಂಗಳುಗಟ್ಟಲೆ ನಿಲ್ಲುವ ಹೈಬ್ರಿಡ್‌ಗಳನ್ನು ಹೊಲದಲ್ಲೇ ಬಿಟ್ಟೆವು. ಹುಳುಗಳು ಕೀಟನಾಶಕಗಳಿಗೂ ಹೀಗೆಯೇ ಒಗ್ಗಿಕೊಂಡಿವೆ. ಆ ಕಾರಣಕ್ಕೆ ಕೀಟನಾಶಕದ ಅಂಗಡಿ ಮುಚ್ಚಿಸಿ ಎಂದು ಧರಣಿ ಕೂತವರನ್ನು ನಾನು ಕಂಡಿಲ್ಲ.

ಕೊನೆಯ ಆಸರೆ: ಹಸಿವಿಗೆ ಕಾರಣ ಹಂಚಿಕೆ, ಇಳುವರಿಯಲ್ಲ, ಗೋದಾಮುಗಳು ತುಂಬಿವೆ. ತುಂಬಿರುವುದು ಅಕ್ಕಿ, ಗೋಧಿ. ತರಕಾರಿಯನ್ನು ಎಫ್‌ಸಿಐ ಕೂಡಿಡುವುದಿಲ್ಲ, ರೇಷನ್ ಅಂಗಡಿ ಕೊಡುವುದಿಲ್ಲ. ಘಟಪ್ರಭೆಯ ದಂಡೆಯಲ್ಲಿ ಅರ್ಧ ಎಕರೆ ಬದನೆ ಹಚ್ಚಿದವಳು ಹುಳುಕಿನ ಬುಟ್ಟಿಯನ್ನು ಬದುವಿಗೆ ಸುರಿಯುವಾಗ ಅವಳಿಗೆ ಹಂಚಿಕೆಯ ಸಿದ್ಧಾಂತ ಹೇಳಲು ಹೋಗುವವರು ಯಾರೆಂದು ಎದುರು ಪಕ್ಷದವರೇ ತೀರ್ಮಾನಿಸಲಿ.