ಸಕ್ಕರೆ ಕಾಯಿಲೆ, ಸ್ಥೌಲ್ಯ ಮತ್ತು ನಮ್ಮ ಕಾಡಿನ ಮೂಲಿಕೆಗಳು

ಭಾಗಮಂಡಲದಿಂದ ಪಾಣತ್ತೂರಿಗೆ ಹೋಗುವ ಘಟ್ಟದ ದಾರಿಯಲ್ಲಿರುವ ಕರಿಕೆಯ ಸುತ್ತ ದಟ್ಟವಾದ ಕಾಡಿದೆ. ಅದರಿಂದಲೋ ಏನೋ, ಸಕ್ಕರೆ ಕಾಯಿಲೆಯೆಂದು ತಿಳಿದೊಡನೆ ಇಲ್ಲಿಯವರು ಮೊದಲು ಕೇಳುವುದು "ಯಾವ ಬೇರು ಒಳ್ಳೆಯದು?" ಎಂದು. ಆಯುರ್ವೇದವನ್ನೇ ಕಾಯಕವಾಗಿಸಿಕೊಂಡ ನಾವು ಈ ಪ್ರಶ್ನೆಯನ್ನು ಹಗುರವಾಗಿ ಕಾಣುವವರಲ್ಲ. ಆದರೂ ನಮ್ಮ ಅಭಿಪ್ರಾಯ ಸ್ಪಷ್ಟ: ಮೂಲಿಕೆ ಚಿಕಿತ್ಸೆಗೆ ನೆರವಾದೀತು, ನಡೆಯುತ್ತಿರುವ ಮಾತ್ರೆಗಾಗಲಿ ಇನ್ಸುಲಿನ್ನಿಗಾಗಲಿ ಬದಲಾಗದು.

ಮೂಲಿಕೆಗಳಿಗೆ ಗುಣವಿಲ್ಲವೆಂದಲ್ಲ. ಏಕನಾಯಕನ ಬೇರಿನಲ್ಲಿರುವ ಸಲಾಸಿನಾಲ್ ಎಂಬ ಅಂಶವು ಕರುಳಿನಲ್ಲಿ ಪಿಷ್ಟವು ಸಕ್ಕರೆಯಾಗುವುದನ್ನು ನಿಧಾನಗೊಳಿಸುತ್ತದೆ. ಜಪಾನಿನ ವಿಜ್ಞಾನಿಗಳು 1990ರ ದಶಕದಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಮಧುನಾಶಿನಿಯ ಎಲೆಯನ್ನು ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯದು. ಆದರೆ ರಕ್ತಕ್ಕೆ ತಿಳಿಯುತ್ತದೆ! ದಾಸೋಹದಲ್ಲಿ ಎರಡು ಸಲ ಹುಗ್ಗಿ ಬಡಿಸಿಕೊಂಡು, ಮನೆಗೆ ಬಂದು ನಾಲ್ಕು ಎಲೆ ಅಗಿದರೆ ಲೆಕ್ಕ ಚುಕ್ತವಾಗುವುದಿಲ್ಲ.

ಸ್ಥೌಲ್ಯದ ವಿಷಯದಲ್ಲಿ ಮರುಳು ಇನ್ನೂ ಹೆಚ್ಚು. ಕೊಡಗಿನ ಕಾಚಂಪುಳಿಯನ್ನು ಯಾವ ಹಣ್ಣಿನಿಂದ ಮಾಡುತ್ತಾರೋ, ಮಲೆನಾಡಿನವರು ಯಾವುದನ್ನು ಉಪ್ಪಾಗೆ ಎನ್ನುತ್ತಾರೋ, ಅದರ ಸತ್ವವೇ 'ಗಾರ್ಸಿನಿಯಾ' ಎಂಬ ಹೆಸರಿನಲ್ಲಿ ತೂಕ ಇಳಿಸುವ ಗುಳಿಗೆಯಾಗಿ ಮಾರಾಟವಾಗುತ್ತಿದೆ. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಈ ಸತ್ವವನ್ನು ಸೇವಿಸಿದವರಿಗೂ ಬರಿಯ ಸುಳ್ಳುಗುಳಿಗೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂತಹ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಅಡುಗೆಯಲ್ಲಿ ಹನಿಹನಿಯಾಗಿ ಬಳಸುವ ಹುಳಿ ಬೇರೆ, ಸಾಂದ್ರಗೊಳಿಸಿದ ಗುಳಿಗೆ ಬೇರೆ.

ನಮ್ಮ ಶಾಸ್ತ್ರವಾದರೂ ಬೇರನ್ನಷ್ಟೇ ನಂಬೆಂದು ಹೇಳಿದೆಯೇ? ಸುಶ್ರುತರು ಪ್ರಮೇಹವನ್ನು ಹುಟ್ಟಿನಿಂದ ಬರುವುದು, ಅಪಥ್ಯದಿಂದ ಬರುವುದು ಎಂದು ವಿಂಗಡಿಸಿದರು. ಮೊದಲನೆಯ ಬಗೆಯ ರೋಗಿ ಕೃಶ, ಎರಡನೆಯವನು ಸ್ಥೂಲ. ಬಡ ರೋಗಿಗೆ ಅವರು ವಿಧಿಸಿದ್ದು ನೂರು ಯೋಜನ ನಡಿಗೆ, ಅದೂ ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ! (ಕಾಲಿನ ಸ್ಪರ್ಶಜ್ಞಾನ ಕುಂದುವ ಈ ರೋಗದಲ್ಲಿ ಪಾದರಕ್ಷೆಯನ್ನು ಮಾತ್ರ ಬಿಡಬೇಡಿರೆಂದು ನಾವು ಹೇಳುತ್ತೇವೆ.) ಚರಕರು ಪ್ರಮೇಹಿಗೆ ಮುಖ್ಯ ಆಹಾರವೆಂದದ್ದು ಜವೆಯನ್ನು. ಹೊಟ್ಟೆ ತುಂಬಬೇಕು, ಕೊಬ್ಬು ಬೆಳೆಯಬಾರದು ಎಂಬುದೇ ಸ್ಥೂಲರ ಆಹಾರಕ್ಕೆ ಅವರ ಸೂತ್ರ.

ನಮಗಿರುವ ಭಯವೆಲ್ಲ ಔಷಧಿಯನ್ನು ತಾವೇ ನಿಲ್ಲಿಸುವವರ ಕುರಿತು. ಎಳೆಯ ವಯಸ್ಸಿನಲ್ಲಿ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಮಧುಮೇಹದಲ್ಲಿ ಚುಚ್ಚುಮದ್ದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗುತ್ತದೆ. ಅಂತಹ ಮಗುವಿಗೆ ಕಷಾಯ ಕುಡಿಸಿ ಕಾಯುವುದು ಆಯುರ್ವೇದವಲ್ಲ. ಇನ್ನು, ಮಾತ್ರೆಯ ಜೊತೆಗೆ ಯಾರಿಗೂ ತಿಳಿಸದೆ ಕಷಾಯ ಕುಡಿಯುವವರಿಗೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಆಗ ಒಡನೆಯೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ: ಸೇವಿಸುವ ಪ್ರತಿಯೊಂದು ಮೂಲಿಕೆಯನ್ನೂ ನಿಮ್ಮ ಇಂಗ್ಲಿಷ್ ಔಷಧಿಯ ವೈದ್ಯರಿಗೆ ತಿಳಿಸಿರಿ. ಮಾತ್ರೆಯ ಪ್ರಮಾಣ ಇಳಿಸಬೇಕೇ ಎಂಬುದನ್ನು ರಕ್ತಪರೀಕ್ಷೆಯನ್ನು ನೋಡಿ ಅವರೇ ನಿರ್ಧರಿಸಲಿ. ಏಕನಾಯಕನ ಬೇರನ್ನು ಹುಡುಕಿಕೊಂಡು ಕಾಡಿಗೆ ಹೋಗಬೇಡಿರಿ; ಬೇರು ಅಗೆದರೆ ಬಳ್ಳಿಯೇ ಸಾಯುತ್ತದೆ. ಮಧುನಾಶಿನಿಯಾದರೆ ಎಲೆ ಕೊಯ್ದರೂ ಚಿಗುರುತ್ತದೆ, ಹಿತ್ತಿಲ ಬೇಲಿಗೆ ಹಬ್ಬಿಸಬಹುದು.