ಬ್ಯಾಂಡಿನವನ ಪತ್ರ, ಇಳಯರಾಜಾ ಕಥೆ!

ಹೋದ ವಾರದ ಟಪಾಲಿನಲ್ಲಿ ಶಕ್ತಿನಗರದಿಂದ ಒಂದು ಪತ್ರ. ಸ್ಕೂಲ್ ನೋಟ್‌ಬುಕ್ಕಿನ ಹಾಳೆ, ಎರಡೂ ಕಡೆ ಬರಹ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾನೆ, ಹಾಕುವುದಿಲ್ಲ.

"ಅಣ್ಣಾರ, ನಾ ರಾಯಚೂರಿನ ಒಂದು ಬ್ಯಾಂಡ್‌ದಾಗ ಕ್ಲಾರಿಯೋನೆಟ್ ಊದ್ತೀನ್ರಿ. ಲಗ್ನದ ಸೀಜನ್ನಿನ್ಯಾಗ ದಿನಾ ಮೆರವಣಿಗಿ. ನಂದೇ ಸ್ವಂತ ಟ್ಯೂನ್ ಇಪ್ಪತ್ತೆರಡು ಅದಾವ. ಬೆಂಗಳೂರಾಗ ಒಬ್ಬ ದೊಡ್ಡವರಿಗೆ ಕಳ್ಸಿದ್ದೆ, ಉತ್ರ ಬರ್ಲಿಲ್ಲ. ಅಪ್ಪ ಥರ್ಮಲ್‌ದಾಗ ಕಾಂಟ್ರ್ಯಾಕ್ಟ್ ಕೆಲ್ಸಕ್ಕ ಹೋಗು ಅಂತಾನ. ಕ್ಲಾರಿಯೋನೆಟ್ ಮಾರಿ ಬೆಂಗಳೂರು ಬಸ್ ಹತ್ತಲೇನ್ರಿ?"

ತಮ್ಮಾ, ಬಸ್ಸು ದಿನಾ ಇದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕಥೆ ಕೇಳು.

ತಮಿಳುನಾಡಿನ ಪಣ್ಣೈಪುರಂ ಅಂತ ಒಂದು ಹಳ್ಳಿ. 1943ರಲ್ಲಿ ಅಲ್ಲಿ ಹುಟ್ಟಿದ ಹುಡುಗನನ್ನು ಮನೆಯಲ್ಲಿ ರಾಸಯ್ಯ ಅಂತ ಕರೆಯುತ್ತಿದ್ದರು. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುವವರು. ಹುಡುಗನಿಗೆ ಮೀಸೆ ಮೂಡುವ ಮೊದಲೇ ಅವರ ತಂಡದಲ್ಲಿ ಊರೂರು ಸುತ್ತಾಟ ಶುರು. 1968ರಲ್ಲಿ ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಠಕ್ಕೆ ಕುಳಿತ. ಆಗ ವಯಸ್ಸು ಇಪ್ಪತ್ತೈದು! ಪಾಶ್ಚಾತ್ಯ ಸಂಗೀತದ ನೊಟೇಶನ್, ಒಂದು ರಾಗದ ಎದುರು ಇನ್ನೊಂದು ರಾಗ ನಿಲ್ಲಿಸುವ ಕೌಂಟರ್‌ಪಾಯಿಂಟ್, ಎಲ್ಲವೂ ಅಲ್ಲೇ. ಮದರಾಸಿನಲ್ಲಿ ಕೂತೇ ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಕೋರ್ಸು ಮುಗಿಸಿ ಚಿನ್ನದ ಪದಕ ಗಿಟ್ಟಿಸಿದ. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಗೊತ್ತೇನು? ಬಾಡಿಗೆ ಬ್ಯಾಂಡಿನಲ್ಲಿ ಗಿಟಾರ್! ಹೌದಪ್ಪಾ, ನಿನ್ನ ಹಾಗೇ, ಕರೆದವರ ಕಾರ್ಯಕ್ರಮಕ್ಕೆ ಹೋಗಿ ನುಡಿಸುವ ಕೆಲಸ. ಜೊತೆಗೆ ಸಲೀಲ್ ಚೌಧರಿಯಂಥವರ ರೆಕಾರ್ಡಿಂಗಿನಲ್ಲಿ ಗಿಟಾರ್, ಆರ್ಗನ್.

ಇನ್ನು ನಮ್ಮ ಕನ್ನಡದ ಭಾಗ. ಮದರಾಸಿನಲ್ಲಿದ್ದ ಜಿ.ಕೆ. ವೆಂಕಟೇಶ್ ಈ ಹುಡುಗನನ್ನು ಸಹಾಯಕನಾಗಿ ಸೇರಿಸಿಕೊಂಡರು. ಯಾವ ವೆಂಕಟೇಶ್? 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972) ಮಾಡಿದವರು. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ರಾಜಣ್ಣನನ್ನು ಮೈಕಿನ ಮುಂದೆ ನಿಲ್ಲಿಸಿ ಎಮ್ಮೆ ಹಾಡು ಹಾಡಿಸಿದವರು. 'ಸನಾದಿ ಅಪ್ಪಣ್ಣ'ಕ್ಕೆ (1977) ಬಿಸ್ಮಿಲ್ಲಾ ಖಾನರ ಶಹನಾಯಿ ತಂದವರೂ ಇವರೇ. ಊದುವ ವಾದ್ಯದವನಾದ ನೀನು ಅದನ್ನು ಕೇಳದೇ ಇದ್ದರೆ ನನಗೆ ಪತ್ರ ಬರೆಯಬೇಡ!

ಇವರ ಕೈಕೆಳಗೆ ಸುಮಾರು ಇನ್ನೂರು ಚಿತ್ರಗಳ ಕೆಲಸ, ಹೆಚ್ಚಿನವು ಕನ್ನಡದವೇ. ವೆಂಕಟೇಶ್ ರಾಗದ ಗೆರೆ ಎಳೆಯುತ್ತಿದ್ದರು. ಪಿಟೀಲಿಗೆ ಏನು, ಕೊಳಲಿಗೆ ಏನು ಅಂತ ವಾದ್ಯಗಳಿಗೆ ಹಂಚಿ ಬರೆಯುವ ಕೆಲಸ ಈ ಹುಡುಗನದು. ಆಗಿನ ರೆಕಾರ್ಡಿಂಗ್ ಅಂದರೆ ಗಾಯಕ, ವಾದ್ಯಗಾರರು ಎಲ್ಲ ಒಟ್ಟಿಗೇ. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ! ಬರೆದುಕೊಟ್ಟವನ ಕೈ ನಡುಗುವುದಿಲ್ಲವೇ?

ಪತ್ರ ಓದಿದಾಗ ನನಗೆ ನೆನಪಾದದ್ದು ಇದಲ್ಲ. ಆ ದಿನಗಳಲ್ಲೇ ಅವನು ಯಾರೂ ಕೇಳದ ಸ್ವಂತ ಸಂಗೀತವನ್ನೂ ಬರೆಯುತ್ತಿದ್ದ. ಸಿನಿಮಾ ಇಲ್ಲ, ನಿರ್ಮಾಪಕ ಇಲ್ಲ. ಬರೆದದ್ದು ಕಿವಿಗೆ ಹೇಗೆ ಕೇಳುತ್ತದೋ ತಿಳಿಯಬೇಕಲ್ಲ? ರೆಕಾರ್ಡಿಂಗ್ ನಡುವೆ ವಿರಾಮ ಸಿಕ್ಕಾಗ ವೆಂಕಟೇಶ್ ಅವರ ವಾದ್ಯಗಾರರನ್ನು ಕಾಡಿ ಬೇಡಿ, ತಾನು ಬರೆದ ಒಂದಿಷ್ಟು ಭಾಗವನ್ನು ಅವರಿಂದ ನುಡಿಸಿ ಕೇಳುತ್ತಿದ್ದ! ದಣಿದು ಕೂತ ಹಿರಿಯ ಕಲಾವಿದರ ಮುಂದೆ ಹಾಳೆ ಹಿಡಿದು ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕು, ಎಷ್ಟು ನಾಚಿಕೆ ಬಿಡಬೇಕು! ವೆಂಕಟೇಶ್ ಅವರದೂ ದೊಡ್ಡ ಮನಸ್ಸೇ ಅನ್ನಿ. ತಮ್ಮ ತಂಡದಲ್ಲಿ ಇದು ನಡೆಯಲು ಬಿಟ್ಟರಲ್ಲ.

1976ರಲ್ಲಿ 'ಅನ್ನಕ್ಕಿಳಿ' ಬಂತು. ನಿರ್ಮಾಪಕ ಪಂಚು ಅರುಣಾಚಲಂ ಅವನ ರಾಜಾ ಹೆಸರಿಗೆ 'ಇಳೈಯ' ಸೇರಿಸಿದರು, ಎ.ಎಂ. ರಾಜಾ ಮೊದಲೇ ಇದ್ದರಲ್ಲ ಅಂತ. ಆಮೇಲಿನದು ನಿಮಗೆಲ್ಲ ಬಾಯಿಪಾಠ. ಶಂಕರ್‌ನಾಗ್ ಅವರ 'ಗೀತಾ' (1981), ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983). ಹಾಳೆ ಹಿಡಿದು ನಿಂತ ಆ ಹುಡುಗ 2025ರ ಮಾರ್ಚ್ 8ರಂದು, 81ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯಗಾರರಿಂದ ತನ್ನ 'ವೇಲಿಯಂಟ್' ಸಿಂಫನಿ ನುಡಿಸಿದ.

ನೀನೂ ಇಳಯರಾಜಾ ಆಗ್ತೀಯ ಅಂತ ನಾನು ಹೇಳೋದಿಲ್ಲ ತಮ್ಮಾ, ಆ ಸುಳ್ಳು ನನ್ನಿಂದಾಗದು. ಒಂದು ಮಾತು ಕೇಳುತ್ತೇನೆ. ಇಪ್ಪತ್ತೆರಡು ಟ್ಯೂನಿನಲ್ಲಿ ಒಂದನ್ನಾದರೂ ನಿನ್ನದೇ ಬ್ಯಾಂಡಿನವರು ನುಡಿಸಿದ್ದನ್ನು ಕೇಳಿದ್ದೀಯಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ! ಆರ್ಕೆಸ್ಟ್ರಾ ಬೇಕು ಅಂತ ಬೆಂಗಳೂರಿಗೆ ಹೊರಟವನಿಗೆ ಪಕ್ಕದಲ್ಲೇ ಟ್ರಂಪೆಟ್, ಯೂಫೋನಿಯಂ, ಸೈಡ್‌ಡ್ರಮ್ ನಿಂತಿರುವುದು ಕಾಣಲಿಲ್ಲವೇ?

ಒಂದು ಎಚ್ಚರಿಕೆ. ನಿನ್ನ ಕ್ಲಾರಿಯೋನೆಟ್ ಸಾಮಾನ್ಯವಾಗಿ ಬ್ಯಾಂಡಿನವರು ಇಟ್ಟುಕೊಳ್ಳುವ ಬಿ ಫ್ಲಾಟ್ ಆಗಿದ್ದರೆ, ನೊಟೇಶನ್ನಿನ 'ಸಿ' ಊದಿದಾಗ ಹಾರ್ಮೋನಿಯಂನ ಬಿಳಿ ಒಂದು ಬರುವುದಿಲ್ಲ, ಕರಿ ಐದು ಬರುತ್ತದೆ. ಬಿಳಿ ಒಂದು ಬೇಕಾದರೆ 'ಡಿ' ಅಂತ ಬರೆಯಬೇಕು. ಬಿ ಫ್ಲಾಟ್ ಟ್ರಂಪೆಟ್ಟಿಗೂ ಇದೇ ಲೆಕ್ಕ. ಇ ಫ್ಲಾಟ್ ಆಲ್ಟೋ ಸ್ಯಾಕ್ಸೊಫೋನ್ ಇದ್ದರೆ ಲೆಕ್ಕವೇ ಬೇರೆ. ಎಲ್ಲರಿಗೂ ಒಂದೇ ಹಾಳೆ ಕೊಟ್ಟೆಯೋ, ಬೀದಿ ನಾಯಿಗಳೂ ಓಡಿಹೋದಾವು!

ಅಪ್ಪನ ಮಾತಿಗೆ ನಾನು ಅಡ್ಡ ಬರುವುದಿಲ್ಲ, ಮನೆ ಕಷ್ಟ ಅವರಿಗೆ ಗೊತ್ತು. ಕೆಲಸಕ್ಕೆ ಹೋದರೂ ಸಂಜೆ ನಿನ್ನದೇ ಇರುತ್ತದೆ. ಕ್ಲಾರಿಯೋನೆಟ್ ಮಾತ್ರ ಮಾರಬೇಡ. ಮುಂದಿನ ಲಗ್ನದಲ್ಲಿ ಮೆರವಣಿಗೆ ಮುಗಿದು ಎಲ್ಲರೂ ಊಟಕ್ಕೆ ಕೂರುವ ಮೊದಲು ಹತ್ತು ನಿಮಿಷ ಸಿಗುತ್ತದಲ್ಲ, ಆಗ ಒಂದು ಟ್ಯೂನಿನ ಹಾಳೆಗಳನ್ನು ಹಂಚು. ಟ್ರಂಪೆಟ್ಟಿನವನು ಗೊಣಗಿದರೆ ಚಹಾದ ದುಡ್ಡು ನೀನೇ ಕೊಡು. ಹೇಗೆ ಕೇಳಿಸಿತು ಅಂತ ಪತ್ರ ಬರಿ, ಈ ಸಲ ಪೆನ್ನಿನಲ್ಲಿ. ಪೆನ್ಸಿಲ್ ಅಕ್ಷರ ಓದಿ ಓದಿ ನನ್ನ ಕನ್ನಡಕದ ನಂಬರು ಏರಿದೆ.