ಮೈಕು ಮುಂದೆ ಬಂದಾಗ ಕನ್ನಡಿಗನ ನಾಲಗೆ ತಡವರಿಸಬೇಕೇ?

ಕನ್ನಡದ ತರುಣರೇ,

ನಿಮ್ಮಲ್ಲಿ ಹಲವರು ಇವತ್ತು ಯಾರ ಮುಂದೆಯೂ ಕೈಚಾಚದೆ ಸ್ವಂತ ಕಾಲ ಮೇಲೆ ನಿಂತಿದ್ದೀರಿ. ಮೊಬೈಲ್ ರಿಪೇರಿ, ಜೆರಾಕ್ಸ್, ಬೇಕರಿ, ಗ್ಯಾರೇಜು, ದರ್ಶಿನಿ ಎಂದು ಏನೋ ಒಂದು ಅಂಗಡಿ ಇಟ್ಟಿದ್ದೀರಿ. ಶಭಾಷ್! ಆದರೆ ನಾಳೆ ಬೆಳಿಗ್ಗೆ ಟಿವಿಯವರು ಬಂದು, "ಕನ್ನಡ ಬೋರ್ಡಿನಿಂದ ನಿಮ್ಮ ವ್ಯಾಪಾರಕ್ಕೆ ತೊಂದರೆಯಾಯಿತಲ್ಲವೇ?" ಎಂದು ಮೈಕು ಹಿಡಿದರೆ ಏನು ಹೇಳುತ್ತೀರಿ? ಯೋಚಿಸಿದ್ದೀರಾ?

2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ನಾಮಫಲಕ ಹೋರಾಟ ನಡೆಯಿತು. ಒಡೆದ ಬೋರ್ಡುಗಳ ಚಿತ್ರ ದೇಶವೆಲ್ಲ ಸುತ್ತಿತು. ಕನ್ನಡಿಗ ಕೇಳಿದ್ದೇನು ಎಂಬ ಮಾತು ಹಿಂದೆ ಬಿತ್ತು. ಪಾಲಿಕೆ ಕೊಟ್ಟ 2024ರ ಫೆಬ್ರವರಿ 28ರ ಗಡುವು ಹತ್ತಿರವಾದಂತೆ ಮೈಕು ಅಂಗಡಿ ಬಾಗಿಲಿಗೂ ಬಂತು. ದೊಡ್ಡ ಕಂಪನಿಗಳಿಗೆ ಮಾತಾಡಲೆಂದೇ ಸಂಬಳದ ಜನ ಇರುತ್ತಾರೆ. ನಮ್ಮ ಸಣ್ಣ ಅಂಗಡಿಯವನಿಗೆ ಯಾರಿದ್ದಾರೆ? "ನಮಗ್ಯಾಕೆ ಸಾರ್" ಎಂದು ಒಳಗೆ ಹೋಗುವುದು, ಇಲ್ಲವೇ ಬಾರದ ಇಂಗ್ಲಿಷಿನಲ್ಲಿ ತೊದಲುವುದು, ಇಲ್ಲವೇ ಆವೇಶದಿಂದ ಕೂಗುವುದು. ಮೂರರಲ್ಲೂ ಸೋಲುವುದು ಕನ್ನಡವೇ!

ಪ್ರೆಸ್ಸು ನಡೆಸುವವನಾಗಿ ಹೇಳುತ್ತೇನೆ. ಪ್ರೂಫ್ ನೋಡದೆ ಯಾವುದನ್ನೂ ಮೆಷಿನ್ನಿಗೆ ಹಾಕಬಾರದು. ಸಾವಿರ ಲಗ್ನಪತ್ರಿಕೆ ಅಚ್ಚಾದ ಮೇಲೆ ಮದುಮಗಳ ಹೆಸರು ತಪ್ಪಿದೆ ಎಂದರೆ ಏನು ಪ್ರಯೋಜನ? ಮೈಕಿನ ಮುಂದೆ ಆಡಿದ ಮಾತೂ ಅಷ್ಟೇ, ವಾಪಸು ಬರುವುದಿಲ್ಲ.

ಆದ್ದರಿಂದ ಮೊದಲು ನೀವೇ ಪ್ರಶ್ನೆ ಕೇಳಿ. ಯಾವ ಚಾನೆಲ್ಲು? ವಿಷಯವೇನು? ನೇರಪ್ರಸಾರವೋ, ರೆಕಾರ್ಡಿಂಗೋ? ಕೇಳುವುದು ನಿಮ್ಮ ಹಕ್ಕು, ಅದು ಉದ್ಧಟತನವಲ್ಲ. "ಗಿರಾಕಿ ಇದ್ದಾರೆ, ಐದು ನಿಮಿಷ ಕೊಡಿ" ಎನ್ನಿ. ಆ ಐದು ನಿಮಿಷದಲ್ಲಿ ಹೇಳಬೇಕಾದ ಒಂದೇ ಒಂದು ಮಾತನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಒಂದೇ ಏಕೆ? ಹತ್ತು ನಿಮಿಷ ಮಾತಾಡಿದರೂ ಸುದ್ದಿಯಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಕತ್ತರಿ ಅವರ ಕೈಯಲ್ಲಿದೆ. ಎಲ್ಲಿ ಕತ್ತರಿಸಿದರೂ ಅರ್ಥ ಕೆಡದಂಥ ಸಣ್ಣ ವಾಕ್ಯ ನಿಮ್ಮದಾಗಿರಲಿ. "ತೊಂದರೆ ಆಯಿತಾ?" ಎಂದರೆ "ತೊಂದರೆ ಅಂತೇನಿಲ್ಲ, ಆದರೆ..." ಎಂದು ಎಳೆಯಬೇಡಿ. 'ತೊಂದರೆ' ಎಂಬ ಪದವೇ ನಿಮ್ಮ ಮುಖದ ಕೆಳಗೆ ಓಡುತ್ತದೆ! "ನನ್ನ ಗಿರಾಕಿ ಓದುವ ಭಾಷೆಯಲ್ಲಿ ನನ್ನ ಬೋರ್ಡಿದೆ" ಎನ್ನಿ. ಸಾಕು.

ಕಾನೂನು ತಿಳಿದಿರಲಿ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಆಯಿತು. ನಾಮಫಲಕದಲ್ಲಿ ಶೇ. 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಅಂದರೆ ಹತ್ತಡಿ ಉದ್ದ ಮೂರಡಿ ಎತ್ತರದ ಬೋರ್ಡಿನ 30 ಚದರಡಿಯಲ್ಲಿ 18 ಕನ್ನಡಕ್ಕೆ. ಉಳಿದ 12 ಚದರಡಿಯಲ್ಲಿ ಇಂಗ್ಲಿಷೋ ಇನ್ನೊಂದೋ ಹಾಕಿಕೊಳ್ಳಬಹುದು. "ಇಂಗ್ಲಿಷ್ ನಿಷೇಧ" ಎಂದು ಯಾರಾದರೂ ಬೊಬ್ಬೆ ಹೊಡೆದರೆ ಈ ಲೆಕ್ಕ ಹೇಳಿ. ಬಾಯಿ ಮುಚ್ಚುತ್ತದೆ.

ಸುಳ್ಳು ಮಾತ್ರ ಹೇಳಬೇಡಿ. ಬೋರ್ಡಿಗೆ ಖರ್ಚಾಗಿದ್ದರೆ ಬಿಲ್ಲು ನೋಡಿ ಇಷ್ಟಾಯಿತು ಎನ್ನಿ. "ಸಣ್ಣ ವ್ಯಾಪಾರಿಗೆ ಇನ್ನಷ್ಟು ಸಮಯ ಬೇಕಿತ್ತು" ಎನ್ನುವುದು ಕನ್ನಡದ್ರೋಹವಲ್ಲ. ನಮ್ಮ ಹೋರಾಟಗಾರ ಗೆಳೆಯರೂ ಇದನ್ನು ತಿಳಿಯಬೇಕು. ಕಷ್ಟ ಹೇಳಿಕೊಂಡ ಅಂಗಡಿಯವನನ್ನು ಗದರಿಸಿದರೆ ಅವನು ನಾಳೆ ಯಾರ ಪರ ಮಾತಾಡುತ್ತಾನೆ?

ಇಂಗ್ಲಿಷ್ ಚಾನೆಲ್ಲಾಗಲಿ, ಹಿಂದಿ ಚಾನೆಲ್ಲಾಗಲಿ, ಉತ್ತರ ಕನ್ನಡದಲ್ಲೇ ಇರಲಿ. ಕೆಳಗೆ ಅನುವಾದ ಹಾಕುವುದು ಅವರ ಕೆಲಸ. ಬರುವ ಭಾಷೆಯಲ್ಲಿ ತಲೆಯೆತ್ತಿ ಮಾತಾಡುವವನನ್ನು ನೋಡಿ ಯಾರೂ ನಗುವುದಿಲ್ಲ. ಆದರೆ ಪರಭಾಷಿಕರನ್ನು ಬೈಯಬೇಡಿ. ಬೈದರೆ ಬೈಗುಳವೇ ಸುದ್ದಿ, ನಿಮ್ಮ ನ್ಯಾಯ ಕಸದ ಬುಟ್ಟಿಗೆ.

ಇನ್ನೆರಡು ಮಾತು. ಕ್ಯಾಮೆರಾದಲ್ಲಿ ನಿಮ್ಮ ಬೆನ್ನ ಹಿಂದಿನ ಬೋರ್ಡೂ ಕಾಣುತ್ತದೆ. ಅದರಲ್ಲಿ 'ಹಣ್ಣು' 'ಹಣು' ಆಗಿದ್ದರೆ ಕನ್ನಡದ ಬಗ್ಗೆ ಯಾವ ಬಾಯಲ್ಲಿ ಮಾತಾಡುತ್ತೀರಿ? ಇವತ್ತೇ ತಿದ್ದಿಸಿ. ಹಾಗೆಯೇ ನಿಮ್ಮ ಅಂಗಡಿ ಹುಡುಗ ಫೋನಿನಲ್ಲಿ ಸಂದರ್ಶನ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಲಿ. ಮಾತು ತಿರುಚಿದರೆ ಅಸಲು ನಿಮ್ಮ ಕೈಯಲ್ಲಿರುತ್ತದೆ.

ರಾಜ್ಯೋತ್ಸವಕ್ಕೆ ಬಾವುಟ ಹೊಲಿಸುತ್ತೀರಿ, ಕರಪತ್ರ ಅಚ್ಚು ಹಾಕಿಸುತ್ತೀರಿ. ಮಾತಿಗೆ ಮಾತ್ರ ತಯಾರಿ ಬೇಡವೇ? ಭಾನುವಾರ ಸಂಘದಲ್ಲಿ ಸೇರಿದಾಗ ಒಬ್ಬ ವರದಿಗಾರನಾಗಲಿ, ಒಬ್ಬ ಅಂಗಡಿಯವನಾಗಲಿ. ಕೊಂಕು ಪ್ರಶ್ನೆ ಕೇಳಿ, ನೇರ ಉತ್ತರ ಕಲಿಯಿರಿ. ಮುಂದಿನ ಸಲ ಮೈಕು ಬಂದಾಗ ಒಳಗೆ ಓಡಬೇಡಿ. ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬನ್ನಿ, ನಿಮ್ಮ ಬೋರ್ಡಿನ ಕೆಳಗೆ ನಿಂತು ಮಾತಾಡಿ!